ಎಳೆಯ ಬಿಗಿತ: ಇಳಕಲ್ ಸೀರೆಯಲ್ಲಿ ಅಡಗಿರುವ ಭೌತಶಾಸ್ತ್ರ

ಬಟ್ಟೆಯು ನಾವು ಹಗಲಿರುಳೂ ಮೈಗೆ ತಗುಲಿಸಿಕೊಂಡಿರುವ ವಸ್ತು. ಆದರೂ ಅದು ಯಾವ ಬಲದಿಂದ ಬಟ್ಟೆಯಾಗಿ ನಿಂತಿದೆ ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವವರು ವಿರಳ. ಗೋಡೆಯ ಕಲ್ಲುಗಳನ್ನು ಗಾರೆ ಹಿಡಿದಿರುತ್ತದೆ. ಮೇಜಿನ ಹಲಗೆಗಳನ್ನು ಮೊಳೆ ಹಿಡಿದಿರುತ್ತದೆ. ಬಟ್ಟೆಯಲ್ಲಿ ಗಾರೆಯೂ ಇಲ್ಲ, ಮೊಳೆಯೂ ಇಲ್ಲ, ಅಂಟೂ ಇಲ್ಲ. ಸಾವಿರಾರು ಎಳೆಗಳು ಒಂದರ ಮೇಲೊಂದು ಹಾಯ್ದು, ಒಂದನ್ನೊಂದು ಒತ್ತಿ, ಆ ಒತ್ತಡದಿಂದ ಹುಟ್ಟುವ ಘರ್ಷಣೆಯೊಂದರಿಂದಲೇ ಒಗ್ಗಟ್ಟಾಗಿ ನಿಂತಿರುತ್ತವೆ. ಆ ಒತ್ತಡವನ್ನು ಎಳೆಗಳಿಗೆ ಕೊಟ್ಟುದು ನೇಯುವಾಗ ಅವುಗಳಲ್ಲಿದ್ದ ಬಿಗಿತ.

ಎಳೆಯನ್ನು ಎರಡು ಕಡೆಗೂ ಎಳೆದು ಹಿಡಿದಾಗ ಅದರ ಉದ್ದಕ್ಕೂ ಹರಡುವ ಬಲಕ್ಕೆ ಬಿಗಿತವೆಂದು ಹೆಸರು. ದಾರವನ್ನು ನೂಕಿದರೆ ಅದು ಮುದುಡಿಕೊಳ್ಳುತ್ತದೆ. ಎಳೆದಾಗ ಮಾತ್ರ ಅದಕ್ಕೆ ಸತ್ತ್ವ ಬರುತ್ತದೆ. ಆದುದರಿಂದ ನೂಲಿನಿಂದ ಏನನ್ನೇ ಮಾಡಲಿ, ಮಗ್ಗದಲ್ಲಿ ನೇಯಲಿ, ಸೂಜಿಯಿಂದ ಕಸೂತಿ ಹಾಕಲಿ, ಕ್ರೋಶಾ ಕಡ್ಡಿಯಿಂದ ಹೆಣೆಯಲಿ, ಕೆಲಸದ ಗುಣವೆಲ್ಲ ಬಿಗಿತವನ್ನು ಎಷ್ಟು ಸಮನಾಗಿ ಕಾಯ್ದುಕೊಂಡೆವು ಎಂಬುದನ್ನು ಅವಲಂಬಿಸಿದೆ. ಬಿಗಿತ ಹೆಚ್ಚಾದರೆ ಎಳೆ ಹರಿಯುತ್ತದೆ. ಕಡಿಮೆಯಾದರೆ ಬಟ್ಟೆ ಜಾಳಾಗುತ್ತದೆ. ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದರೆ ಸುಕ್ಕು ಬೀಳುತ್ತದೆ. ಈ ಬಿಗಿತವನ್ನು ಮನುಷ್ಯನ ಕೈ ಹೇಗೆ ಆಳುತ್ತದೆ ಎಂಬುದನ್ನು ಅರಿಯಲು ನಮ್ಮ ನಾಡಿನಲ್ಲಿಯೇ ಒಂದು ಉತ್ತಮ ಉದಾಹರಣೆ ಇದೆ. ಅದು ಇಳಕಲ್ ಸೀರೆ.

ಒಂದು ಸೀರೆ, ಎರಡು ಸಮಸ್ಯೆಗಳು

1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆ ನೇಕಾರರ ನಾಡು. ಬಾದಾಮಿಗೆ ಸಮೀಪದ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ, ಹುನಗುಂದ ಸೀಮೆಯ ಇಳಕಲ್, ಕಮತಗಿ, ಸೂಳೇಭಾವಿಗಳಲ್ಲಿ ಸೀರೆ, ಹೀಗೆ ಊರೂರಿಗೆ ಒಂದೊಂದು ನೇಯ್ಗೆ ಇಲ್ಲಿ ಬೆಳೆದು ಬಂದಿದೆ. ಇಳಕಲ್ ಸೀರೆಗೆ ಈಗ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ.

ಬಟ್ಟೆಯ ಉದ್ದಕ್ಕೆ ಹಾಯುವ ಎಳೆಗಳಿಗೆ ಹಾಸು ಎಂದೂ, ಅಡ್ಡಲಾಗಿ ಲಾಳಿಯೊಡನೆ ಓಡಾಡುವ ಎಳೆಗೆ ಹೊಕ್ಕು ಎಂದೂ ಹೆಸರು. ಸಾಮಾನ್ಯ ಬಟ್ಟೆಯಲ್ಲಿ ಹಾಸು ಮೊದಲಿನಿಂದ ಕೊನೆಯವರೆಗೆ ಒಂದೇ. ಇಳಕಲ್ ಸೀರೆಯಲ್ಲಿ ಹಾಗಲ್ಲ. ಸಾಂಪ್ರದಾಯಿಕ ಸೀರೆಯ ಒಡಲಿನ ಹಾಸು ಹತ್ತಿಯದು. ಎರಡು ದಡಿಗಳ ಹಾಸು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಸೆರಗಿನ ಹಾಸು ಮತ್ತೆ ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಸುಮಾರು 16ರಿಂದ 27 ಅಂಗುಲ ಉದ್ದದ ಈ ಸೆರಗಿನ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಿ, ಒಡಲಿನ ಹಾಸಿಗೆ ಎಳೆ ಎಳೆಯಾಗಿ ಕುಣಿಕೆಗಳ ಮೂಲಕ ಸೇರಿಸುತ್ತಾರೆ. ಇದನ್ನು ಕೊಂಡಿ ಹಾಕುವುದು ಎನ್ನುತ್ತಾರೆ. ಕೆಂಪು ಬಿಳುಪಿನ ಹೆಸರಾಂತ ಟೋಪ್‌ತೆನಿ ಸೆರಗು ಹುಟ್ಟುವುದು ಹೀಗೆ.

ಈಗ ಭೌತಶಾಸ್ತ್ರದ ವಿದ್ಯಾರ್ಥಿಯು ಈ ಸೀರೆಯನ್ನು ಒಮ್ಮೆ ಕಣ್ಣಿಟ್ಟು ನೋಡಲಿ. ದಡಿಯ ರೇಷ್ಮೆಯೂ ಒಡಲಿನ ಹತ್ತಿಯೂ ಅಕ್ಕಪಕ್ಕದಲ್ಲಿವೆ. ಸೆರಗಿನ ರೇಷ್ಮೆಯೂ ಒಡಲಿನ ಹತ್ತಿಯೂ ಒಂದರ ತುದಿಗೆ ಒಂದು ಸೇರಿವೆ. ವಿದ್ಯುತ್ತಿನ ಪಾಠದಲ್ಲಿ ಮೊದಲನೆಯದನ್ನು ಸಮಾನಾಂತರ ಜೋಡಣೆಯೆಂದೂ ಎರಡನೆಯದನ್ನು ಶ್ರೇಣಿ ಜೋಡಣೆಯೆಂದೂ ಕರೆಯುತ್ತೇವೆ. ಒಂದೇ ಮಗ್ಗದ ಮೇಲೆ, ಒಂದೇ ಬಟ್ಟೆಯಲ್ಲಿ, ಎರಡು ಬೇರೆ ಸ್ವಭಾವದ ವಸ್ತುಗಳನ್ನು ಈ ಎರಡು ಬಗೆಯಲ್ಲಿಯೂ ಜೋಡಿಸಿ, ಸುಕ್ಕಿಲ್ಲದಂತೆ ನೇಯಬೇಕು. ನೇಕಾರನು ಬಿಡಿಸುವ ಸಮಸ್ಯೆ ಇದು.

ನೂಲು ಹಿಗ್ಗುವ ಬಗೆ

ಬಿಗಿತವಿದ್ದಲ್ಲಿ ಹಿಗ್ಗುವಿಕೆಯೂ ಇದ್ದೇ ಇರುತ್ತದೆ. ಸ್ಥಿತಿಸ್ಥಾಪಕ ವಸ್ತುಗಳಲ್ಲಿ ಹಿಗ್ಗುವಿಕೆಯು ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನು. ನೂಲುಗಳೂ ಅಲ್ಪ ಬಲಗಳಲ್ಲಿ ಹೆಚ್ಚುಕಡಿಮೆ ಈ ನಿಯಮಕ್ಕೆ ಅಧೀನವಾಗಿವೆ. ಆದರೆ ಮಿತಿ ದಾಟಿದ ಮೇಲೆ ಒಂದೊಂದರ ನಡತೆ ಒಂದೊಂದು ಬಗೆ. ಹತ್ತಿಯ ನಾರು ತನ್ನ ಉದ್ದದ ಶೇಕಡಾ 5ರಿಂದ 10ರಷ್ಟು ಹಿಗ್ಗುವಷ್ಟರಲ್ಲಿ ಹರಿದುಹೋಗುತ್ತದೆ. ರೇಷ್ಮೆ ಸುಮಾರು ಶೇಕಡಾ 20ರವರೆಗೆ ತಾಳುತ್ತದೆ. ಕೃತಕ ರೇಷ್ಮೆಯೆಂದು ಬಳಕೆಯಲ್ಲಿರುವ ವಿಸ್ಕೋಸ್ ರೇಯಾನ್ ಕೂಡ ಬಹಳ ಹಿಗ್ಗಬಲ್ಲದು. ಆದರೆ ಸುಮಾರು ಶೇಕಡಾ 2ರಷ್ಟು ಹಿಗ್ಗಿದ ಮೇಲೆ ಅದು ಸೋತುಹೋಗಿ, ಬಲವನ್ನು ತೆಗೆದರೂ ಮೊದಲಿನ ಉದ್ದಕ್ಕೆ ಪೂರ್ಣವಾಗಿ ಮರಳುವುದಿಲ್ಲ. ಹತ್ತಿಯನ್ನು ಅತಿಯಾಗಿ ಎಳೆದ ತಪ್ಪು ಕೂಡಲೇ ಗೊತ್ತಾಗುತ್ತದೆ, ಎಳೆ ಹರಿಯುತ್ತದೆ. ರೇಯಾನನ್ನು ಅತಿಯಾಗಿ ಎಳೆದ ತಪ್ಪು ಮಗ್ಗದಲ್ಲಿ ಕಾಣದೆ, ಮುಂದೆ ಬಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಹತ್ತಿಯ ನೂಲಿನ ಬಲವೆಲ್ಲಿಂದ ಬಂತು ಎಂಬುದೂ ವಿಚಾರಮಾಡತಕ್ಕದ್ದೇ. ನಮ್ಮ ಎರೆಭೂಮಿಯ ಜಯಧರ ಹತ್ತಿಯ ನಾರಿನ ಉದ್ದ 2 ಸೆಂಟಿಮೀಟರಿನ ಆಸುಪಾಸು. ಇಷ್ಟು ಗಿಡ್ಡ ನಾರುಗಳಿಂದ ಅನೇಕ ಗಜಗಳ ನೂಲು ಆಗುವುದು ಹುರಿಯ ಮಹಿಮೆಯಿಂದ. ಹುರಿಗೊಂಡ ನಾರುಗಳು ಒಂದನ್ನೊಂದು ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ನೂಲನ್ನು ಎಳೆದಾಗ ಈ ಸುರುಳಿಗಳು ಒಳಮುಖವಾಗಿ ಅದುಮಿಕೊಳ್ಳುತ್ತವೆ. ಅದುಮಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಘರ್ಷಣೆ ಹೆಚ್ಚಿದಷ್ಟೂ ನಾರುಗಳು ಜಾರದೆ ಹಿಡಿದುಕೊಳ್ಳುತ್ತವೆ. ಎಳೆದಷ್ಟೂ ಬಿಗಿಯುವ ಈ ಗುಣವನ್ನು ಮುಂದೆ ಹಗ್ಗದಲ್ಲಿಯೂ ಬೆರಳಿನಲ್ಲಿಯೂ ಮತ್ತೆ ಕಾಣುವೆವು.

ಹಗ್ಗ ಮತ್ತು ಗೂಟ

ನೆಲದಲ್ಲಿ ಗುಂಡಿ ತೋಡಿ ಹೂಡಿದ ಮಗ್ಗಕ್ಕೆ ಕುಣಿಮಗ್ಗವೆಂದು ಹೆಸರು. ನೇಕಾರನು ಗುಂಡಿಯ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಒಳಕ್ಕೆ ಇಳಿಬಿಟ್ಟು, ಅಲ್ಲಿನ ಹಲಗೆಗಳನ್ನು ತುಳಿಯುತ್ತಾನೆ. ತುಳಿದಾಗ ಹಾಸಿನ ಕೆಲವು ಎಳೆಗಳು ಮೇಲೇರಿ ಕೆಲವು ಕೆಳಗಿಳಿದು ನಡುವೆ ಲಾಳಿಗೆ ದಾರಿ ಬಿಡುತ್ತವೆ. ನೇಯ್ದ ಬಟ್ಟೆ ಅವನ ಮಡಿಲ ಬಳಿಯ ದಿಂಡಿಗೆ ಸುತ್ತಿಕೊಳ್ಳುತ್ತದೆ. ಹಳೆಯ ಮಾದರಿಯ ಮಗ್ಗಗಳಲ್ಲಿ ಹಾಸಿನ ದೂರದ ತುದಿಯನ್ನು ಹಗ್ಗಕ್ಕೆ ಕಟ್ಟಿ, ಆ ಹಗ್ಗವನ್ನು ಎದುರಿನ ಗೂಟಕ್ಕೆ ಬಳಸಿ ಮರಳಿ ನೇಕಾರನ ಪಕ್ಕದ ಗೂಟಕ್ಕೆ ತಂದು ಸುತ್ತಿರುತ್ತಾರೆ. ನೇಯ್ಗೆ ಮುಂದುವರಿದಂತೆ ಅವನು ಕುಳಿತಲ್ಲಿಂದಲೇ ಹಗ್ಗವನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತಾನೆ.

ಹಾಸಿನಲ್ಲಿ 3,000 ಎಳೆಗಳಿವೆ, ಒಂದೊಂದರ ಬಿಗಿತ 10 ಗ್ರಾಂ ಭಾರದಷ್ಟು ಎನ್ನೋಣ. ಒಟ್ಟು ಸೆಳೆತ 30 ಕಿಲೋಗ್ರಾಂ ಆಯಿತು. ಅಷ್ಟು ಸೆಳೆತವನ್ನು ಒಂದು ಕೈಯಲ್ಲಿ ಹಿಡಿದು, ಬೆರಳಗಲದ ಲೆಕ್ಕದಲ್ಲಿ ಸಡಿಲಿಸುವುದು ಹೇಗೆ? ಇದಕ್ಕೆ ಉತ್ತರ ಗೂಟದ ಸುತ್ತುಗಳಲ್ಲಿದೆ. ದುಂಡನೆಯ ವಸ್ತುವಿನ ಮೇಲೆ ಹಗ್ಗ ಸುತ್ತಿದಾಗ ಘರ್ಷಣೆಯು ಸೆಳೆತವನ್ನು ಹೇಗೆ ತಗ್ಗಿಸುತ್ತದೆ ಎಂಬ ಲೆಕ್ಕವನ್ನು 18ನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಮಾಡಿದನು. ಅದರ ತಾತ್ಪರ್ಯವಿಷ್ಟು: ಪ್ರತಿ ಸುತ್ತಿನಲ್ಲಿಯೂ ಸೆಳೆತವು ಇಂತಿಷ್ಟು ಕಳೆಯುವುದಿಲ್ಲ, ಇಂತಿಷ್ಟರಿಂದ ಭಾಗವಾಗುತ್ತದೆ. ಹಗ್ಗಕ್ಕೂ ಗೂಟಕ್ಕೂ ಇರುವ ಘರ್ಷಣಾಂಕ 0.25 ಎಂದಾದರೆ ಒಂದು ಸುತ್ತಿಗೆ ಈ ಭಾಜಕ 4.8. ಎರಡು ಸುತ್ತಿಗೆ ಅದು ಇಮ್ಮಡಿಯಾಗಿ 9.6 ಆಗದೆ, 4.8ರ ವರ್ಗವಾದ 23 ಆಗುತ್ತದೆ. ಮೂರು ಸುತ್ತಿಗೆ 111.

ನಮ್ಮ 30 ಕಿಲೋಗ್ರಾಂ ಸೆಳೆತವನ್ನು ತಡೆಯಲು ಒಂದು ಸುತ್ತಿನ ಆಚೆ ಸುಮಾರು 6 ಕಿಲೋಗ್ರಾಂ ಬಲ ಸಾಕು. ಎರಡು ಸುತ್ತಿನ ಆಚೆ ಸುಮಾರು 1.3 ಕಿಲೋಗ್ರಾಂ, ಮೂರು ಸುತ್ತಿನ ಆಚೆ 270 ಗ್ರಾಂ. ಹಡಗನ್ನು ದಡದ ಕಂಬಕ್ಕೆ ಬಿಗಿಯುವ ನಾವಿಕನೂ, ಭಾರವಾದ ವಸ್ತುವನ್ನು ಬಾವಿಗೆ ಇಳಿಬಿಡುವಾಗ ಹಗ್ಗವನ್ನು ಕಂಬಕ್ಕೆ ಒಮ್ಮೆ ಬಳಸಿಕೊಳ್ಳುವ ರೈತನೂ ಉಪಯೋಗಿಸುವುದು ಇದೇ ನಿಯಮವನ್ನು. ಸುತ್ತು ಹೆಚ್ಚಿದರೆ ಹಿಡಿತ, ಕಡಿಮೆಯಾದರೆ ಸಡಿಲು. ಯಾವ ಹಲ್ಲುಚಕ್ರವೂ ಇಲ್ಲದೆ ಬಿಗಿತವನ್ನು ಆಳುವ ಸಾಧನ ಇದು.

ಅಂಗೈಯೇ ಮಾಪಕ

ಸಡಿಲಿಸಿದ ಮೇಲೆ ಬಿಗಿತ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ನೇಕಾರನು ಹಾಸಿನ ಮೇಲೆ ಅಂಗೈಯನ್ನಿಟ್ಟು ಮೆಲ್ಲನೆ ಒತ್ತಿ ನೋಡುತ್ತಾನೆ. ಇದು ಬರಿಯ ಅಭ್ಯಾಸವಲ್ಲ, ಅಳತೆಯೇ ಸರಿ. ಎರಡು ತುದಿಗಳಲ್ಲಿ ಬಿಗಿದ ದಾರವನ್ನು ನಡುವೆ ಒತ್ತಿದರೆ ಅದು ತಗ್ಗುವ ದೂರವು ಒತ್ತಿದ ಬಲಕ್ಕೆ ನೇರವಾದ ಅನುಪಾತದಲ್ಲಿಯೂ ಬಿಗಿತಕ್ಕೆ ವಿಲೋಮವಾದ ಅನುಪಾತದಲ್ಲಿಯೂ ಇರುತ್ತದೆ. 2 ಮೀಟರ್ ಉದ್ದದ ಹಾಸಿನ ನಡುವೆ, ಅಗಲಕ್ಕೂ ತಾಗುವಂತೆ ಒಂದು ಪಟ್ಟಿಯನ್ನಿಟ್ಟು 1 ಕಿಲೋಗ್ರಾಂ ಭಾರದಿಂದ ಒತ್ತಿದೆವೆನ್ನೋಣ. ಒಟ್ಟು ಬಿಗಿತ 30 ಕಿಲೋಗ್ರಾಂ ಇದ್ದರೆ ಹಾಸು ಸುಮಾರು 17 ಮಿಲಿಮೀಟರ್ ತಗ್ಗುತ್ತದೆ. ಬಿಗಿತ 24 ಕಿಲೋಗ್ರಾಮಿಗೆ ಇಳಿದಿದ್ದರೆ ಸುಮಾರು 21 ಮಿಲಿಮೀಟರ್. ಈ 4 ಮಿಲಿಮೀಟರಿನ ಅಂತರವು ಪಳಗಿದ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅಷ್ಟೇ ಅಲ್ಲ, ಅಂಗೈಯನ್ನು ಎಡದಿಂದ ಬಲಕ್ಕೆ ಸರಿಸುತ್ತ ಹೋದರೆ ಯಾವ ಎಳೆಗಳ ಗುಂಪು ಜೋಲುಬಿದ್ದಿದೆಯೆಂಬುದೂ ಗೊತ್ತಾಗುತ್ತದೆ.

ದಡಿ ಮತ್ತು ಒಡಲು

ಈಗ ಮೊದಲನೆಯ ಸಮಸ್ಯೆಗೆ ಬರೋಣ. ದಡಿಯೂ ಒಡಲೂ ಅಕ್ಕಪಕ್ಕದಲ್ಲಿವೆ. ಅವು ಒಂದೇ ದಿಂಡಿಗೆ ಸುತ್ತಿಕೊಳ್ಳುವುದರಿಂದ ಎರಡೂ ಸಮನಾಗಿ ಹಿಗ್ಗಲೇಬೇಕು. ಆದರೆ ಹಿಗ್ಗುವಿಕೆ ಸಮವಾದಾಗ ಬಿಗಿತ ಸಮವಾಗಿರುವುದಿಲ್ಲ. 1 ಮೀಟರ್ ಉದ್ದದ ಹತ್ತಿಯ ಎಳೆಯನ್ನು 1 ಮಿಲಿಮೀಟರ್ ಹಿಗ್ಗಿಸಲು 4 ಗ್ರಾಂ, ರೇಷ್ಮೆಯ ಎಳೆಗೆ 6 ಗ್ರಾಂ ಬೇಕಾಗುತ್ತದೆ ಎಂದು ಊಹಿಸಿಕೊಳ್ಳೋಣ. ಎರಡನ್ನೂ 3 ಮಿಲಿಮೀಟರ್ ಹಿಗ್ಗಿಸಿದರೆ ಹತ್ತಿಯ ಬಿಗಿತ 12 ಗ್ರಾಂ, ರೇಷ್ಮೆಯದು 18 ಗ್ರಾಂ ಆಗುತ್ತದೆ.

ಇದರ ಪರಿಣಾಮವು ಬಟ್ಟೆ ಮಗ್ಗದಿಂದ ಇಳಿದ ಮೇಲೆ ಕಾಣುತ್ತದೆ. ಸೆಳೆತವು ಹೋದೊಡನೆ ಎಳೆಗಳು ಕುಗ್ಗುತ್ತವೆ. ಅತಿಯಾಗಿ ಬಿಗಿದಿದ್ದ ದಡಿ ಹೆಚ್ಚು ಕುಗ್ಗಿದರೆ, ಕುಗ್ಗದ ಒಡಲಿಗೆ ಜಾಗ ಸಾಲದೆ ಅದು ಮುದ್ದೆ ಮುದ್ದೆಯಾಗಿ ನೆರಿಗೆಗಟ್ಟುತ್ತದೆ. ದಡಿ ಸಡಿಲಾಗಿದ್ದರೆ ಇದಕ್ಕೆ ವಿರುದ್ಧ: ಒಡಲು ಸಮವಾಗಿದ್ದು ದಡಿ ಅಲೆಅಲೆಯಾಗಿ ನಿಲ್ಲುತ್ತದೆ. ಇದರೊಡನೆ ಇನ್ನೊಂದು ತೊಡಕು ಸೇರುತ್ತದೆ. ಎಳೆಯು ಹೊಕ್ಕಿನ ಮೇಲೆ ಕೆಳಗೆ ಬಳುಕಿ ಹೋಗುವುದರಿಂದ ನೇಯುವಾಗ ಅದರ ಉದ್ದ ಸ್ವಲ್ಪ ವ್ಯಯವಾಗುತ್ತದೆ. ಗೋಮಿ, ಗಾಡಿ, ಪರಾಸಪೇಟಿ ಮೊದಲಾದ ದಡಿಗಳ ಚಿತ್ರದಲ್ಲಿ ಎಳೆಗಳು ಬಳುಕುವ ಕ್ರಮ ಒಡಲಿನ ಸರಳ ನೇಯ್ಗೆಯಂತಿರುವುದಿಲ್ಲ. ಆದುದರಿಂದ ದಡಿಯ ಎಳೆ ಖರ್ಚಾಗುವ ವೇಗವೂ ಬೇರೆ. ಬೆಳಿಗ್ಗೆ ಸಮನಾಗಿದ್ದ ಬಿಗಿತ ಮಧ್ಯಾಹ್ನಕ್ಕೆ ಸಮನಾಗಿರುವುದಿಲ್ಲ. ದಡಿಯ ಎಳೆಗಳನ್ನು ಬೇರೆಯಾಗಿ ಕಟ್ಟಿ ಅವಕ್ಕೆ ಬೇರೆ ತೂಕ ತೂಗುಬಿಡುವ ಕ್ರಮ ಕೈಮಗ್ಗಗಳಲ್ಲಿ ಏಕೆ ಬಂತೆಂಬುದು ಇದರಿಂದ ತಿಳಿಯುತ್ತದೆ: ತೂಗುವ ತೂಕವು ಎಳೆ ಎಷ್ಟೇ ಖರ್ಚಾದರೂ ಒಂದೇ ಬಲವನ್ನು ಕೊಡುತ್ತದೆ.

ಹೊಕ್ಕಿನ ಎಳೆಯ ಬಿಗಿತವನ್ನೂ ಮರೆಯಬಾರದು. ಲಾಳಿಯಲ್ಲಿರುವ ಕಂಡಿಕೆಯಿಂದ ಎಳೆ ಸಲೀಸಾಗಿ ಬಿಚ್ಚಿಕೊಳ್ಳದಿದ್ದರೆ ಅದು ಎರಡು ಅಂಚುಗಳನ್ನೂ ಒಳಕ್ಕೆ ಸೆಳೆಯುತ್ತದೆ. ಆಗ ಬಟ್ಟೆಯ ಅಗಲ ಕುಗ್ಗಿ, ಅಂಚಿನ ಎಳೆಗಳು ಹಣಿಗೆಯ ಹಲ್ಲುಗಳಿಗೆ ಉಜ್ಜಿ ಹರಿಯುತ್ತವೆ. ಅಗಲವನ್ನು ಹಿಡಿದಿಡಲು ಬಟ್ಟೆಯ ಎರಡು ಅಂಚುಗಳಿಗೂ ಚುಚ್ಚಿ ನಿಲ್ಲಿಸುವ ಬಿಲ್ಲಿನಂಥ ಕಡ್ಡಿ ಇರುವುದು ಇದಕ್ಕಾಗಿಯೇ.

ಸೆರಗಿನ ಕೊಂಡಿ

ಎರಡನೆಯ ಸಮಸ್ಯೆ ಇನ್ನೂ ಸ್ವಾರಸ್ಯವಾದುದು. ಒಡಲಿನ ಹತ್ತಿಯ ಎಳೆ ತುದಿಯಲ್ಲಿ ಮಡಿಚಿ ಕುಣಿಕೆಯಾಗಿರುತ್ತದೆ; ಸೆರಗಿನ ರೇಷ್ಮೆಯ ಎಳೆಯೂ ಹಾಗೆಯೇ. ಸರಪಳಿಯ ಎರಡು ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಇಲ್ಲಿ ಬಿಗಿತ ಎರಡರಲ್ಲಿಯೂ ಸಮ. ಏಕೆಂದರೆ ಒಂದು ಎಳೆದಷ್ಟೇ ಇನ್ನೊಂದು ಎಳೆಯಬೇಕು. ಆದರೆ ಹಿಗ್ಗುವಿಕೆ ಸಮವಲ್ಲ. ನಮ್ಮ ಊಹೆಯ ಲೆಕ್ಕದಲ್ಲಿ 12 ಗ್ರಾಂ ಬಿಗಿತಕ್ಕೆ ಮೀಟರೊಂದರಲ್ಲಿ ಹತ್ತಿ 3 ಮಿಲಿಮೀಟರ್ ಹಿಗ್ಗಿದರೆ ರೇಷ್ಮೆ 2 ಮಿಲಿಮೀಟರ್ ಹಿಗ್ಗುತ್ತದೆ. ದಡಿಯಲ್ಲಿ ಹಿಗ್ಗುವಿಕೆ ಸಮವಾಗಿ ಬಿಗಿತ ಬೇರೆಯಾಯಿತು. ಸೆರಗಿನಲ್ಲಿ ಬಿಗಿತ ಸಮವಾಗಿ ಹಿಗ್ಗುವಿಕೆ ಬೇರೆಯಾಯಿತು. ಒಂದರ ಪರಿಹಾರ ಇನ್ನೊಂದಕ್ಕೆ ಒದಗುವುದಿಲ್ಲ.

ಹಾಗಾದರೆ ಎಳೆಗಳನ್ನು ನೇರವಾಗಿ ಗಂಟು ಹಾಕಬಾರದೇಕೆ? ಗಂಟಿನ ಉಬ್ಬು ಹಣಿಗೆಯ ಸಂದಿಯಲ್ಲಿ ತಡೆಯುತ್ತದೆ, ಬಟ್ಟೆಯ ಮೇಲೂ ಎದ್ದು ಕಾಣುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ಆಳವಾದ ಕಾರಣವೊಂದು ಭೌತಶಾಸ್ತ್ರದಲ್ಲಿದೆ. ಗಂಟು ಹಾಕಿದಾಗ ಪ್ರತಿಯೊಂದು ಎಳೆಯ ಉದ್ದವೂ ಆ ಗಳಿಗೆಗೇ ನಿಶ್ಚಿತವಾಗಿಬಿಡುತ್ತದೆ. ಒಂದು ಎಳೆ 2 ಮಿಲಿಮೀಟರ್ ಗಿಡ್ಡವಾದರೆ ಕೊನೆಯವರೆಗೂ ಅದು ಬಿಗಿ. ಪಕ್ಕದ್ದು ಉದ್ದವಾದರೆ ಕೊನೆಯವರೆಗೂ ಅದು ಜೋಲು. ಕುಣಿಕೆಯಾದರೋ ಎರಡು ತೋಳುಗಳುಳ್ಳದ್ದು. ಒಂದು ತೋಳು ಬಿಗಿಯಾಗಿ ಇನ್ನೊಂದು ಸಡಿಲಾಗಿದ್ದರೆ ಎಳೆಯು ಕೊಂಡಿಯಲ್ಲಿ ಮೆಲ್ಲನೆ ಜಾರಿ ವ್ಯತ್ಯಾಸವನ್ನು ತಗ್ಗಿಸಿಕೊಳ್ಳುತ್ತದೆ.

ಎಷ್ಟರಮಟ್ಟಿಗೆ ತಗ್ಗಿಸಿಕೊಳ್ಳುತ್ತದೆ? ಇಲ್ಲಿಯೂ ಆಯ್ಲರನ ಲೆಕ್ಕವೇ. ಕೊಂಡಿಯಲ್ಲಿ ಎಳೆ ಅರ್ಧ ಸುತ್ತು ಹಾಕಿರುತ್ತದೆ. ಘರ್ಷಣಾಂಕ 0.25 ಆದರೆ ಅರ್ಧ ಸುತ್ತಿಗೆ ಭಾಜಕ ಸುಮಾರು 2.2. ಎಂದರೆ ಒಂದು ತೋಳಿನ ಬಿಗಿತ ಇನ್ನೊಂದರ 2.2ರಷ್ಟನ್ನು ಮೀರಿದರೆ ಎಳೆ ಜಾರುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಘರ್ಷಣೆ ಅದನ್ನು ಅಲ್ಲಿಯೇ ಹಿಡಿದಿರುತ್ತದೆ. ಕೊಂಡಿಯು ದೊಡ್ಡ ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತದೆ, ಸಣ್ಣವನ್ನು ತಿದ್ದುವುದಿಲ್ಲ. ಆ ಸಣ್ಣವುಗಳ ಹೊಣೆ ಕೊಂಡಿ ಹಾಕುವವರ ಬೆರಳಿನದು. ಸಾವಿರಾರು ಕೊಂಡಿಗಳನ್ನು ಒಂದೇ ಹದದಲ್ಲಿ ಹಾಕುವುದಕ್ಕೆ ಬೇಕಾದ ತಾಳ್ಮೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಕೊಂಡಿಗೆ ಒಂದು ದೌರ್ಬಲ್ಯವೂ ಇದೆ. ತೆಳುವಾದ ಎಳೆಯೊಂದು ಅಷ್ಟೇ ತೆಳುವಾದ ಇನ್ನೊಂದರ ಮೇಲೆ ಬಗ್ಗಿದಾಗ ಹೊರಮೈಯ ನಾರುಗಳು ಅತಿಯಾಗಿ ಹಿಗ್ಗುತ್ತವೆ. ಆದ್ದರಿಂದ ನೂಲು ಹರಿಯುವುದಾದರೆ ನೇರವಾದ ಭಾಗಕ್ಕಿಂತ ಕೊಂಡಿಯಲ್ಲಿ ಹರಿಯುವ ಸಂಭವ ಹೆಚ್ಚು. ಕೊಂಡಿಗಳ ಸಾಲು ನೇಯ್ಗೆಯಲ್ಲಿ ಸೇರಿಕೊಳ್ಳುವವರೆಗೆ ತುಳಿತವೂ ಬಡಿತವೂ ಮೃದುವಾಗಿರಬೇಕು.

ಗಾಳಿಯ ತೇವ

ಬಾಗಲಕೋಟೆಯ ಸೀಮೆಯಲ್ಲಿ ಮಳೆ ಕಡಿಮೆ; ಬೇಸಿಗೆಯ ಬಿಸಿಲು 40 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಒಣಹವೆ ನೂಲಿಗೆ ಹಿತವಲ್ಲ. ಹತ್ತಿಯು ತೇವವನ್ನು ಹೀರಿಕೊಂಡಾಗ ಒಣಗಿದಾಗಿಗಿಂತ ಗಟ್ಟಿಯಾಗುತ್ತದೆ. ಪೂರ್ಣವಾಗಿ ನೆನೆದಾಗ ಅದರ ಬಲ ಶೇಕಡಾ 10ರಿಂದ 20ರಷ್ಟು ಹೆಚ್ಚುತ್ತದೆ. ರೇಯಾನಿನ ಸ್ವಭಾವ ಇದಕ್ಕೆ ವಿರುದ್ಧ: ನೆನೆದರೆ ಅದರ ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಒಂದೇ ಹಾಸಿನಲ್ಲಿ ಹತ್ತಿ ತೇವವನ್ನು ಬಯಸುತ್ತದೆ, ಕೃತಕ ರೇಷ್ಮೆ ತೇವಕ್ಕೆ ಅಂಜುತ್ತದೆ! ನೆಲದ ಗುಂಡಿಯ ತಂಪು ಹತ್ತಿಯ ಹಾಸಿಗೆ ಅನುಕೂಲ. ಗಂಜಿ ಹಾಕಿದ ಎಳೆ ಒಣಗಿ ಬಿರುಸಾಗದಂತೆ ಅದು ಕಾಪಾಡುತ್ತದೆ. ಆದರೆ ಮಳೆಗಾಲದ ಥಂಡಿಯಲ್ಲಿ ಅದೇ ಮಗ್ಗದ ಮೇಲೆ ರೇಯಾನಿನ ದಡಿಯನ್ನು ಎಚ್ಚರದಿಂದ ಕಾಯಬೇಕು.

ಹಗ್ಗದ ವಿಷಯವೂ ಹಾಗೆಯೇ. ಬಟ್ಟೆ ಒಣಹಾಕುವ ಹಗ್ಗ ಮಳೆಯಲ್ಲಿ ನೆನೆದರೆ ಬಿಗಿಯಾಗುವುದನ್ನು ನೀವು ನೋಡಿರಬಹುದು. ನಾರು ನೀರು ಕುಡಿದಾಗ ದಪ್ಪದಲ್ಲಿ ಬಹಳ ಉಬ್ಬುತ್ತದೆ, ಉದ್ದದಲ್ಲಿ ಅತ್ಯಲ್ಪವಾಗಿ ಮಾತ್ರ ಬೆಳೆಯುತ್ತದೆ. ದಪ್ಪನಾದ ಹುರಿಯನ್ನು ಸುತ್ತಿಬರಲು ಪ್ರತಿ ಸುರುಳಿಗೂ ಹೆಚ್ಚು ಉದ್ದ ಬೇಕು. ಆ ಉದ್ದ ಬರುವುದೆಲ್ಲಿಂದ? ಹಗ್ಗ ಗಿಡ್ಡವಾಗುತ್ತದೆ. ಮಳೆಯ ರಾತ್ರಿ ಹಾಗೆಯೇ ಬಿಟ್ಟ ಹಾಸು ಬೆಳಿಗ್ಗೆ ಬಿಗಿಯಾಗಿರಬಹುದು. ಕೆಲಸ ಬಿಡುವಾಗ ಹಗ್ಗವನ್ನು ಸ್ವಲ್ಪ ಸಡಿಲಿಸುವುದು ಈ ದೃಷ್ಟಿಯಿಂದ ಜಾಣತನ.

ಸೂಜಿ ಮತ್ತು ಕ್ರೋಶಾ ಕಡ್ಡಿ

ಇಳಕಲ್ ಸೀರೆಯ ಮೇಲೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಾಕುವ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ಹೊಲಿಗೆಗಳಿವೆ. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಈ ಕಲೆಯಲ್ಲಿ ಗಂಟು ಹಾಕುವ ಪದ್ಧತಿಯಿಲ್ಲ. ಗಂಟಿಲ್ಲದೆ ದಾರ ನಿಲ್ಲುವುದು ಹೇಗೆ? ಸೂಜಿ ಮೇಲೆ ಕೆಳಗೆ ಹೋದಂತೆಲ್ಲ ದಾರವು ಸ್ವಲ್ಪ ಸ್ವಲ್ಪ ಬಾಗುತ್ತದೆ. ಆ ಬಾಗುಗಳ ಕೋನಗಳನ್ನೆಲ್ಲ ಕೂಡಿದರೆ ಗೂಟಕ್ಕೆ ಹಲವು ಸುತ್ತು ಹಾಕಿದಂತಾಗುತ್ತದೆ. ಬಾಲದ ತುದಿಯಲ್ಲಿ ಮಾತ್ರ ಕಿಂಚಿತ್ ಹಿಡಿತ ಇರಲೇಬೇಕು, ಏಕೆಂದರೆ ಸೊನ್ನೆಯನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ ಬರುವುದು ಸೊನ್ನೆಯೇ. ಆ ಕಿಂಚಿತ್ ಹಿಡಿತವನ್ನು ದಾರವನ್ನು ಅದುಮಿರುವ ಬಟ್ಟೆಯ ಎಳೆಗಳೇ ಕೊಡುತ್ತವೆ.

ಮನೆಮನೆಯಲ್ಲಿ ನಡೆಯುವ ಕ್ರೋಶಾ ಹೆಣಿಗೆಯಲ್ಲಂತೂ ಗೂಟವೂ ಬೆರಳೇ, ತೂಕವೂ ಬೆರಳೇ. ಕಿರುಬೆರಳಿಗೆ ನೂಲನ್ನು ಒಂದು ಸುತ್ತು ಹಾಕಿ, ನಡುವಿನ ಬೆರಳುಗಳ ಸಂದಿಯಿಂದ ಹಾಯಿಸಿ, ತೋರುಬೆರಳಿನ ಮೇಲೆ ತರುತ್ತಾರೆ. ಉಂಡೆಯಿಂದ ಬರುವ ಅತ್ಯಲ್ಪ ಸೆಳೆತವನ್ನು ಈ ಸುತ್ತುಗಳು ಕಡ್ಡಿಗೆ ಬೇಕಾದ ಬಿಗಿತವಾಗಿ ಹೆಚ್ಚಿಸುತ್ತವೆ. ಕುಣಿಕೆಯ ಗಾತ್ರವನ್ನು ಕಡ್ಡಿಯ ದಪ್ಪ ನಿರ್ಣಯಿಸುತ್ತದೆ. ಕುಣಿಕೆ ಕಡ್ಡಿಯನ್ನು ತಬ್ಬಿ ನಿಲ್ಲುವುದೋ, ಜೋಲುವುದೋ, ಕಚ್ಚಿ ಹಿಡಿಯುವುದೋ ಎಂಬುದನ್ನು ಬಿಗಿತ ನಿರ್ಣಯಿಸುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಸುತ್ತುಗಳು ಬಿಗಿತಕ್ಕೆ ಕೂಡಿಸುವುದಿಲ್ಲ, ಅದನ್ನು ಗುಣಿಸುತ್ತವೆ. ಆದುದರಿಂದ ತಪ್ಪನ್ನೂ ಗುಣಿಸುತ್ತವೆ. ಉಂಡೆ ಎಲ್ಲೋ ಸಿಕ್ಕಿ ಸೆಳೆತ 1 ಗ್ರಾಂ ಹೆಚ್ಚಾದರೆ ಒಂದು ಸುತ್ತಿನ ಆಚೆ ಅದು ಸುಮಾರು 5 ಗ್ರಾಂ ಆಗುತ್ತದೆ. ಬಿಗಿತ ಏರಿಳಿಯುತ್ತಿದ್ದರೆ ಮೊದಲು ನೋಡಬೇಕಾದುದು ಬೆರಳನ್ನಲ್ಲ, ಉಂಡೆಯನ್ನು. ಎರಡನೆಯದು, ಬೆವರು. ಕೈ ಒದ್ದೆಯಾಗಿ ಘರ್ಷಣಾಂಕ 0.25ರಿಂದ 0.35ಕ್ಕೆ ಏರಿತೆನ್ನಿ. ಒಂದು ಸುತ್ತಿನ ಗುಣಕ 4.8ರಿಂದ 9ಕ್ಕೆ ಏರುತ್ತದೆ. ಬಿಗಿತ ಹೆಚ್ಚುಕಡಿಮೆ ಇಮ್ಮಡಿಯಾಯಿತು! ಆಗ ಕೈ ಒರಸಿಕೊಳ್ಳಬೇಕು, ಇಲ್ಲವೇ ಸುತ್ತನ್ನು ಕಡಿಮೆ ಮಾಡಬೇಕು. ಹೆಣಿಗೆಯ ಬಿಗಿತವನ್ನು ಅಳೆಯುವುದು ಸುಲಭ: 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆಗಳಿವೆಯೆಂದು ಎಣಿಸಿದರಾಯಿತು. 18 ಇರಬೇಕಾದಲ್ಲಿ 20 ಬಂದರೆ 90 ಸೆಂಟಿಮೀಟರ್ ಆಗಬೇಕಾದ ಹೊದಿಕೆ 81 ಸೆಂಟಿಮೀಟರ್ ಆಗಿ ಮುಗಿಯುತ್ತದೆ.

ನೀವೇ ಮಾಡಿ ನೋಡಿ

ಈ ನಿಯಮವನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಶಾಲೆ ಬೇಡ. ದುಂಡನೆಯ ಕೋಲೊಂದನ್ನು ಮೇಜಿನ ಅಂಚಿಗೆ ಅಲುಗದಂತೆ ಅಡ್ಡಲಾಗಿ ಕಟ್ಟಿರಿ. ಹತ್ತಿಯ ದಾರದ ಒಂದು ತುದಿಗೆ 20 ಗ್ರಾಂ ತೂಕ ಕಟ್ಟಿ, ದಾರವನ್ನು ಕೋಲಿನ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಸ್ಪ್ರಿಂಗ್ ತ್ರಾಸಿನಿಂದ ಕೆಳಮುಖವಾಗಿ ಎಳೆಯಿರಿ. ತೂಕ ಮೇಲೇಳುವಾಗ ತ್ರಾಸು ಎಷ್ಟು ತೋರಿಸುತ್ತದೆಂದು ಬರೆದುಕೊಳ್ಳಿರಿ. ಇದು ಅರ್ಧ ಸುತ್ತು. ಬಳಿಕ ಒಂದೂವರೆ ಸುತ್ತು, ಎರಡೂವರೆ ಸುತ್ತು ಹಾಕಿ ಅದನ್ನೇ ಮಾಡಿರಿ. ಸಂಖ್ಯೆಗಳ ಲಾಗರಿತಮ್ ತೆಗೆದು ಸುತ್ತುಗಳಿಗೆ ಎದುರಾಗಿ ರೇಖಾಚಿತ್ರ ಬರೆದರೆ ಬಿಂದುಗಳು ಹೆಚ್ಚುಕಡಿಮೆ ಒಂದು ನೇರಗೆರೆಯಲ್ಲಿ ನಿಲ್ಲಬೇಕು. ಆ ಗೆರೆಯ ಓರೆಯಿಂದ ಘರ್ಷಣಾಂಕವನ್ನು ಲೆಕ್ಕಹಾಕಬಹುದು. ದಾರವನ್ನು ಒದ್ದೆಮಾಡಿಯೂ, ಹತ್ತಿಯ ಬದಲು ರೇಷ್ಮೆಯ ದಾರದಿಂದಲೂ ಪ್ರಯೋಗವನ್ನು ಪುನಃ ಮಾಡಿ ಹೋಲಿಸಿರಿ.

ಇನ್ನೊಂದು ಪರೀಕ್ಷೆ ಮನೆಯಲ್ಲಿಯೇ ಆಗುವಂಥದು. ತಾಯಿಯ ಅಥವಾ ಅಜ್ಜಿಯ ಪೆಟ್ಟಿಗೆಯಲ್ಲಿ ಇಳಕಲ್ ಸೀರೆಯಿದ್ದರೆ ಸೆರಗು ಆರಂಭವಾಗುವ ಗೆರೆಯನ್ನು ಭೂತಗನ್ನಡಿಯಿಂದ ನೋಡಿರಿ. ಒಡಲಿನ ಬಣ್ಣದ ಉದ್ದೆಳೆಗಳು ಅಲ್ಲಿಗೆ ನಿಂತು ಸೆರಗಿನ ಬಣ್ಣದ ಉದ್ದೆಳೆಗಳು ಅವುಗಳನ್ನು ಕೊಂಡಿಯಾಗಿ ಹಿಡಿದಿದ್ದರೆ ಅದು ಕೊಂಡಿ ಹಾಕಿದ ಸೀರೆ. ಒಡಲಿನ ಉದ್ದೆಳೆಗಳೇ ಸೆರಗಿನೊಳಕ್ಕೂ ಮುಂದುವರಿದಿದ್ದರೆ ಅದರಲ್ಲಿ ಕೊಂಡಿಯಿಲ್ಲ.

ಈ ವ್ಯತ್ಯಾಸವು ಕೇವಲ ಕುತೂಹಲದ ವಿಷಯವಲ್ಲ. ವಿದ್ಯುತ್ ಮಗ್ಗಕ್ಕೆ ಉದ್ದವಾದ, ತುಂಡಾಗದ, ಏಕರೂಪದ ಹಾಸು ಬೇಕು. ಅದರ ತೂಕಗಳೂ ಸ್ಪ್ರಿಂಗುಗಳೂ ಒಮ್ಮೆ ನಿಗದಿಮಾಡಿದ ಬಿಗಿತವನ್ನು ಬಿಡದೆ ಕಾಯುತ್ತವೆ. ಕೊಂಡಿಯ ಸೀರೆಗೆ ಪ್ರತಿಯೊಂದಕ್ಕೂ ಹೊಸ ಹಾಸು, ಹೊಸ ಕೊಂಡಿ, ಹೊಸ ಹದ. ವೇಗದಲ್ಲಿ ಕೈಮಗ್ಗ ಯಂತ್ರವನ್ನು ಗೆಲ್ಲಲಾರದು. ಹತ್ತಿಯ ಸ್ವಭಾವವೂ ರೇಷ್ಮೆಯ ಸ್ವಭಾವವೂ ಗಳಿಗೆಗೊಮ್ಮೆ ಬೇರೆಯಾಗುವ ಕಡೆಯಲ್ಲಿ, ಆ ಬದಲಾವಣೆಯನ್ನು ಅಂಗೈಯಿಂದ ಅರಿತು ಹಗ್ಗವನ್ನು ಬೆರಳಗಲ ಸಡಿಲಿಸುವ ಕೈಯೇ ಕೊಂಡಿಯನ್ನು ಸಾಧ್ಯಮಾಡಿದೆ. ಆ ತಿಳಿವು ಪುಸ್ತಕಕ್ಕಿಂತ ಹೆಚ್ಚಾಗಿ ಬೆರಳುಗಳಲ್ಲಿದೆ. ಅದನ್ನು ಕಲಿಯುವ ಕೈಗಳು ಕಡಿಮೆಯಾದರೆ ತಿಳಿವೂ ಅಷ್ಟರಮಟ್ಟಿಗೆ ನಷ್ಟವಾಗುತ್ತದೆ. ಗ್ರಾಹಕರು ಕೊಂಡಿಯನ್ನು ಗುರುತಿಸಿ ಕೊಂಡರೆ ಅದಕ್ಕೆ ತಕ್ಕ ಬೆಲೆ ಬಂದೀತು. ವಿದ್ಯಾರ್ಥಿಗಳು ತ್ರಾಸು, ಅಳತೆಪಟ್ಟಿ, ನೋಟುಪುಸ್ತಕಗಳೊಡನೆ ಮಗ್ಗದ ಬಳಿ ಕುಳಿತು, ಹಿರಿಯ ನೇಕಾರರನ್ನು ಕೇಳಿ, ಯಾವ ಹಾಸಿಗೆ ಎಷ್ಟು ಬಿಗಿತ, ಯಾವ ಋತುವಿನಲ್ಲಿ ಎಷ್ಟು ಸಡಿಲು ಎಂಬುದನ್ನು ಅಳೆದು ಬರೆದಿಟ್ಟರೆ ಅದು ಭೌತಶಾಸ್ತ್ರಕ್ಕೂ ಒಳ್ಳೆಯ ಅಭ್ಯಾಸ, ಊರಿನ ಕಸುಬಿಗೂ ಒಂದು ಉಪಕಾರ.